ಟೆಸ್ಟಿಂಗ್ ಅಂದ್ರೆ "ಪಾಪ" ಅನ್ನೋರಿಗೆ

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ಕ್ಯಾಂಪಸ್ಸಲ್ಲಿ ಒಂದು ಮಾತು ಕೇಳೇ ಕೇಳುತ್ತೆ: "ಡೆವಲಪ್‌ಮೆಂಟ್ ಸಿಗ್ಲಿಲ್ವಂತೆ, ಟೆಸ್ಟಿಂಗ್‌ಗೆ ಹಾಕಿದ್ದಾರಂತೆ, ಪಾಪ." ಕಟ್ಟುವವರು ಇಂಜಿನಿಯರ್‌ಗಳು, ಕಟ್ಟಿದ್ದನ್ನು ತಟ್ಟಿ ನೋಡುವವರು ಅಲ್ಲಿಗೆ ತಲುಪಲಾಗದವರು ಅನ್ನೋ ಲೆಕ್ಕ. ಈ ಲೆಕ್ಕವನ್ನು ನಾವು ಒಪ್ಪುವುದಿಲ್ಲ. ಯಾಕೆ ಅಂತ ಹೇಳೋಕೆ ಬೆಂಗಳೂರಿನ ಒಂದು ರಸ್ತೆಯ ಹೆಸರು ಸಾಕು.

ಹಳೇ ಮದ್ರಾಸ್ ರೋಡಿನಿಂದ ಹಳೇ ಏರ್‌ಪೋರ್ಟ್ ರೋಡಿಗೆ ಹೋಗುವ ಸುರಂಜನ್ ದಾಸ್ ರಸ್ತೆ ಟ್ರಾಫಿಕ್ಕಿನಿಂದಾಗಿ ಎಲ್ಲರಿಗೂ ಗೊತ್ತು. ಆ ಮನುಷ್ಯ ಯಾರು ಅಂತ ಕೇಳಿ ನೋಡಿ, ಬಹಳ ಜನ ಯಾರೋ ರಾಜಕಾರಣಿ ಅಂತಾರೆ. ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ನಮ್ಮ ವಾಯುಪಡೆಯ ಟೆಸ್ಟ್ ಪೈಲಟ್. ತಂದೆ ಸುಧಿ ರಂಜನ್ ದಾಸ್ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಮಗ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲಿನಲ್ಲಿ ಕಲಿತು ಬಂದರು. ಭಾರತದಲ್ಲಿ ಆಗ ಅಂಥ ಶಾಲೆಯೇ ಇರಲಿಲ್ಲ.

1956ರಲ್ಲಿ ಜರ್ಮನಿಯ ವಿನ್ಯಾಸಕ ಕುರ್ಟ್ ಟ್ಯಾಂಕ್ ಎಚ್‌ಎಎಲ್‌ಗೆ ಬಂದು ಮರುತ್ ಅನ್ನೋ ಜೆಟ್ ಫೈಟರ್ ಕೆಲಸ ಶುರು ಮಾಡಿದರು. ಆಗ ಅವರು ಮಾಡಿದ ಒಂದು ಕೆಲಸ ನಮಗೆ ತುಂಬಾ ಇಷ್ಟ. ಜೆಟ್ ತಯಾರಾಗುವ ಮೊದಲೇ ಅದೇ ಆಕಾರದ, ಪೂರ್ತಿ ಅಳತೆಯ ಮರದ ಗ್ಲೈಡರ್ ಕಟ್ಟಿದರು. 1959ರಲ್ಲಿ ಅದನ್ನು ಡಕೋಟಾ ವಿಮಾನದ ಹಿಂದೆ ಹಗ್ಗ ಕಟ್ಟಿ ಎಳೆದು ಮೇಲಕ್ಕೆ ಒಯ್ದು ಬಿಡುತ್ತಿದ್ದರು. ಇಂಜಿನ್ನೇ ಇಲ್ಲ, ಇಳಿಯೋಕೆ ಇರೋದು ಒಂದೇ ಚಾನ್ಸ್. ರೆಕ್ಕೆಯ ಆಕಾರ ಕಡಿಮೆ ವೇಗದಲ್ಲಿ ಹೇಗೆ ವರ್ತಿಸುತ್ತೆ, ಕಂಟ್ರೋಲ್‌ಗಳು ಕೈಗೆ ಎಷ್ಟು ಭಾರ ಅನ್ನೋದೆಲ್ಲ ಹೀಗೆ ತಿಳಿದುಕೊಂಡಿದ್ದು. ಸಿಮ್ಯುಲೇಶನ್ ಸಾಫ್ಟ್‌ವೇರ್ ಇಲ್ಲದ ಕಾಲ, ಆ ಮರದ ಗ್ಲೈಡರೇ ಸಿಮ್ಯುಲೇಶನ್!

ನಿಜವಾದ ಮರುತ್ 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಹಾರಿತು. ಸೀಟಿನಲ್ಲಿದ್ದವರು ದಾಸ್. 1964ರಲ್ಲಿ ಕಿರಣ್ ತರಬೇತಿ ಜೆಟ್‌ನ ಮೊದಲ ಹಾರಾಟವೂ ಅವರದ್ದೇ.

ಇಂಥದ್ದನ್ನು ಪೇಪರಿನವರು "ಪರೀಕ್ಷಾರ್ಥ ಹಾರಾಟ ಯಶಸ್ವಿ" ಅಂತ ಒಂದೇ ಸಾಲಲ್ಲಿ ಮುಗಿಸ್ತಾರೆ. ಪರೀಕ್ಷೆ ಅಂದ್ರೆ ಪಾಸು ಇಲ್ಲ ಫೇಲು ಅನ್ನೋ ರೀತಿ. ಕೆಲಸ ಹಾಗಿಲ್ಲ. ಮೊದಲು ರನ್‌ವೇ ಮೇಲೆ ನಿಧಾನಕ್ಕೆ ಓಡಿಸಬೇಕು, ಆಮೇಲೆ ಜೋರಾಗಿ. ಹಾರಿದ ಮೇಲೆ ವೇಗವನ್ನು ಒಂದೊಂದೇ ಮೆಟ್ಟಿಲು ಏರಿಸಬೇಕು. ಪ್ರತಿ ಮೆಟ್ಟಿಲಲ್ಲೂ ಲೆಕ್ಕ ಹೇಳಿದ್ದು, ವಿಮಾನ ಮಾಡಿದ್ದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಹೊಂದಲಿಲ್ಲ ಅಂದ್ರೆ ಮುಂದಿನ ಮೆಟ್ಟಿಲು ಇಲ್ಲ. ಪೈಲಟ್ಟಿನ ಅನಿಸಿಕೆಯೂ ಅಲ್ಲಿ ಡೇಟಾ. 1969ರಲ್ಲಿ ಕೂಪರ್ ಮತ್ತು ಹಾರ್ಪರ್ ಅನ್ನೋ ಇಬ್ಬರು ಅಮೆರಿಕನ್ನರು ಅದಕ್ಕೊಂದು ಸ್ಕೇಲ್ ಪ್ರಕಟಿಸಿದರು. ವಿಮಾನ ಹೇಳಿದ ಮಾತು ಕೇಳಿದರೆ 1, ಕಂಟ್ರೋಲೇ ತಪ್ಪಿಹೋಗುವ ಹಾಗಿದ್ದರೆ 10. "ಚೆನ್ನಾಗಿದೆ ಸಾರ್" ಅನ್ನೋ ಉತ್ತರಕ್ಕೆ ಅದರಲ್ಲಿ ಜಾಗ ಇಲ್ಲ.

ಮರುತ್‌ನ ತೊಂದರೆ ಇದ್ದದ್ದು ಇಂಜಿನ್ನಿನಲ್ಲಿ. ಶಬ್ದದ ಎರಡು ಪಟ್ಟು ವೇಗದ ಕನಸಿಟ್ಟು ವಿನ್ಯಾಸ ಮಾಡಿದ್ದರು. ಅದಕ್ಕೆ ಬೇಕಿದ್ದ ಬ್ರಿಟಿಷ್ ಇಂಜಿನ್ನಿನ ಅಭಿವೃದ್ಧಿ ಅರ್ಧಕ್ಕೇ ನಿಂತುಹೋಯಿತು. ಹಣ ಹಾಕೋಕೆ ನಮ್ಮ ಸರ್ಕಾರವೂ ಮುಂದೆ ಬರಲಿಲ್ಲ. ಕೊನೆಗೆ ಕೂರಿಸಿದ್ದು ರೀಹೀಟ್ ಇಲ್ಲದ ಆರ್ಫಿಯಸ್ 703 ಇಂಜಿನ್‌ಗಳನ್ನು, ಒಂದು ವಿಮಾನಕ್ಕೆ ಎರಡು. ನೇರ ಹಾರಾಟದಲ್ಲಿ ಮರುತ್ ಶಬ್ದದ ವೇಗವನ್ನು ದಾಟಲೇ ಇಲ್ಲ. ಕೊರತೆ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಟೆಸ್ಟ್ ಪೈಲಟ್ ರಿಪೋರ್ಟ್ ಬರೆಯಬಹುದು, ಇಂಜಿನ್ ತಂದುಕೊಡಲಾರ. ನಮಗೆ ಸಿಟ್ಟು ಬರೋದು ಇಲ್ಲೇ.

ಅದೇ ಇಂಜಿನ್ನಿಗೆ ರೀಹೀಟ್ ಜೋಡಿಸುವ ಕೆಲಸ ಬೆಂಗಳೂರಿನಲ್ಲೇ ನಡೆಯಿತು. ಹಾಗೆ ಜೋಡಿಸಿದ ಮರುತ್‌ನ ಪ್ರೊಟೊಟೈಪನ್ನು 1970ರ ಜನವರಿ 10ರಂದು ದಾಸ್ ಹಾರಿಸಿದರು. ಟೇಕಾಫ್ ಆದ ಸ್ವಲ್ಪದರಲ್ಲೇ ವಿಮಾನ ಬಿತ್ತು, ಅವರು ಉಳಿಯಲಿಲ್ಲ. ಅದೇ ವರ್ಷ ಮರಣೋತ್ತರ ಪದ್ಮವಿಭೂಷಣ ಬಂತು. ಮುಂದಿನ ವರ್ಷ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಮರುತ್‌ಗಳು ಹೋರಾಡಿದವು.

ಆ್ಯಪ್ ಟೆಸ್ಟ್ ಮಾಡೋನು ಸಾಯೋದಿಲ್ಲವಲ್ಲ, ಇದಕ್ಕೂ ಅದಕ್ಕೂ ಏನು ಹೋಲಿಕೆ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಪಾಯದಲ್ಲಿ ಹೋಲಿಕೆ ಇಲ್ಲವೇ ಇಲ್ಲ. ಆದರೆ ದಾಸ್ ಅವರನ್ನು ಬರೀ ಧೈರ್ಯಶಾಲಿ ಅಂತ ಹೊಗಳಿ ಕೈತೊಳೆದುಕೊಳ್ಳೋದು ಅವರ ಕೆಲಸವನ್ನು ಚಿಕ್ಕದು ಮಾಡಿದ ಹಾಗೆ. ಧೈರ್ಯ ಎಲ್ಲಾ ಫೈಟರ್ ಪೈಲಟ್‌ಗಳಿಗೂ ಇರುತ್ತೆ. ಟೆಸ್ಟ್ ಪೈಲಟ್ಟಿಗೆ ಅದರ ಜೊತೆ ವಿನ್ಯಾಸ ಮಾಡಿದವರಷ್ಟೇ ವಿಷಯ ಗೊತ್ತಿರಬೇಕು, ಮತ್ತೆ ಅವರ ಮುಖ ನೋಡಿಕೊಂಡೇ "ಇದು ನೀವು ಹೇಳಿದ ಹಾಗೆ ನಡೆದುಕೊಳ್ಳುತ್ತಿಲ್ಲ" ಅನ್ನೋಕೆ ಬರಬೇಕು. ಕುರ್ಟ್ ಟ್ಯಾಂಕ್ ಎದುರು ಹಾಗೆ ಹೇಳೋದು ಅಂದ್ರೆ ಸುಮ್ನೇನಾ? ಸ್ವತಃ ಟೆಸ್ಟ್ ಪೈಲಟ್ಟಾಗಿದ್ದ ಮನುಷ್ಯ ಅವರು.

ಈಗ ವಾಯುಪಡೆಯ ಟೆಸ್ಟ್ ಪೈಲಟ್ ಶಾಲೆ ಬೆಂಗಳೂರಿನಲ್ಲೇ ಇದೆ. ಅಲ್ಲಿ ಪೈಲಟ್‌ಗಳ ಜೊತೆಗೆ ಫ್ಲೈಟ್ ಟೆಸ್ಟ್ ಇಂಜಿನಿಯರ್‌ಗಳೂ ತಯಾರಾಗುತ್ತಾರೆ, ಅಂದ್ರೆ ನಮ್ಮ ಹಾಗೆ ಬಿ.ಇ. ಓದಿದವರು. ಮರುತ್ ನೋಡಬೇಕಾದರೆ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಹತ್ತಿರ ಹೋಗಿ, ಹೊರಗಡೆನೇ ನಿಂತಿದೆ. ಹಿಂದಕ್ಕೆ ಹೋಗಿ ಆ ಎರಡು ಇಂಜಿನ್ನಿನ ಬಾಯಿಗಳನ್ನು ಒಮ್ಮೆ ನೋಡಿ ಬನ್ನಿ.