ಪಟ್ಟದ ಆವಿನ ಮುಂದೆ ಉರುಮೆ

ಚೆನ್ನೈನಲ್ಲಿ 2007ರಲ್ಲಿ ಶುರುವಾದ ‘ಚೆನ್ನೈ ಸಂಗಮಂ’ ಜಾನಪದ ಉತ್ಸವ ನಡುವೆ ಹಲವು ವರ್ಷ ನಿಂತುಹೋಗಿ, 2023ರ ಪೊಂಗಲ್‌ಗೆ ಮತ್ತೆ ಬಂತು. ಪಾರ್ಕು, ಬೀಚು, ಮೈದಾನಗಳಲ್ಲಿ ಪರೈ, ಕರಗಾಟ್ಟಂ, ನೈಯಾಂಡಿ ಮೇಳ. ಮಾರ್ಗಳಿಯ ಸಂಗೀತ ಸಭೆಗಳತ್ತ ತಲೆಹಾಕದವರೂ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡುತ್ತಾರೆ. ಒಳ್ಳೆಯದೇ. ಕಲಾವಿದರ ಕೈಗೆ ನಾಲ್ಕು ಕಾಸೂ ಸಿಗುತ್ತದೆ. ಆದರೆ ಅಲ್ಲಿ ಇಡೀ ದಿನ ಕಳೆದರೂ ಒಂದು ಪ್ರಶ್ನೆ ಉಳಿಯುತ್ತದೆ: ಈ ವಾದ್ಯಗಳು ಊರಲ್ಲಿ ಯಾರಿಗಾಗಿ ಮೊಳಗುತ್ತವೆ?

ಉತ್ತರ ಬೇಕಿದ್ದರೆ ತೇನಿ ಜಿಲ್ಲೆಯ ಕಂಬಂಗೆ ಹೋಗಬೇಕು, ಅದೂ ಮಾಟ್ಟುಪೊಂಗಲ್ ದಿನ.

ಅಲ್ಲಿನ ನಂದಗೋಪಾಲಸ್ವಾಮಿ ಗುಡಿಯ ‘ತಂಬಿರಾನ್ ಮಾಟ್ಟುತೊಳು’ ಒಂದು ದನದ ದೊಡ್ಡಿ. ಜನ ಬರುವುದು ದನಗಳ ದರ್ಶನಕ್ಕೆ. ಇದನ್ನು ನಡೆಸಿಕೊಂಡು ಬಂದವರು ಮನೆಯಲ್ಲಿ ಇಂದಿಗೂ ಕನ್ನಡ ಆಡುವ ಒಕ್ಕಲಿಗ ಕಪ್ಪಿಲಿಯರು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ಗ್ರಂಥದಲ್ಲಿ ಈ ಮಂದೆಯ ವಿವರವಿದೆ. ಮಂದೆಗೆ ‘ದೇವರ ಆವು’ ಎಂದು ಹೆಸರು, ಮುಂದಾಳು ಹೋರಿ ‘ಪಟ್ಟದ ಆವು’. ಅದು ಸತ್ತರೆ ಹೋರಿಗಳ ಮುಂದೆ ಕಬ್ಬಿನ ಕಂತೆ ಇಡುತ್ತಾರೆ. ಮೊದಲು ಬಾಯಿ ಹಾಕಿದ್ದಕ್ಕೇ ಪಟ್ಟ. ನಮ್ಮ ಪೇಟೆಯ ಕನ್ನಡ ಮರೆತೇಬಿಟ್ಟ ‘ಆವು’ ಎಂಬ ಮಾತು ಆ ಕಣಿವೆಯಲ್ಲಿ ಉಸಿರಾಡಿಕೊಂಡಿತ್ತು!

ಇನ್ನು ಈ ದನಗಳ ಮುಂದೆ ಬಾರಿಸುವ ಉರುಮೆ. ನಡು ಸಣ್ಣಗಿರುವ ಎರಡು ಮುಖದ ವಾದ್ಯ. ಒಂದು ಮುಖಕ್ಕೆ ಕೋಲಿನ ಪೆಟ್ಟು, ಇನ್ನೊಂದಕ್ಕೆ ಬಾಗಿದ ಕಡ್ಡಿಯ ಉಜ್ಜು. ಉಜ್ಜಿದಾಗ ಹೋರಿ ಗುಟುರು ಹಾಕಿದಂತೆ ದನಿ ಏಳುತ್ತದೆ. ವೇದಿಕೆಯ ಮೈಕಿನಲ್ಲಿ ಅದು ಬರೀ ಸದ್ದು. ದನದ ಮುಂದೆ ಕೇಳಿದರೆ ಮಾತು.

ಚಿತ್ರದುರ್ಗದ ಕಡೆಯವರಿಗೆ ಇದೆಲ್ಲ ಹೊಸದೇನಲ್ಲ. ಚಳ್ಳಕೆರೆ, ನಾಯಕನಹಟ್ಟಿ ಸೀಮೆಯ ಮ್ಯಾಸಬೇಡರಲ್ಲಿ ದೇವರ ಎತ್ತುಗಳಿವೆ, ಕಾಯಲು ಕಿಲಾರಿಗಳಿದ್ದಾರೆ, ಉರುಮೆಯೂ ಇದೆ. ಬರ ಬಂದಾಗಲೆಲ್ಲ ಅಲ್ಲಿ ಮೇವಿಗೆ ಪರದಾಟ.

ಕಂಬಂ ಕಣಿವೆಯ ಮಲೆದನಗಳದ್ದು ಬೇರೆ ಕಷ್ಟ. ಅವು ಮೇಯುತ್ತಿದ್ದ ಮೇಘಮಲೈ 2021ರಲ್ಲಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿತು. 2022ರಲ್ಲಿ ಮದ್ರಾಸ್ ಹೈಕೋರ್ಟು ಕಾಡಿನಲ್ಲಿ ದನ ಮೇಯಿಸುವುದನ್ನೇ ನಿಷೇಧಿಸಿ, ಆಮೇಲೆ ಆ ಆದೇಶವನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಪ್ರದೇಶಗಳಿಗೆ ಮಿತಿಗೊಳಿಸಿತು. ಹುಲಿಗೂ ಜಾಗ ಬೇಕು, ನಿಜ. ಆದರೆ ಮಂದೆ ಕರಗಿದ ಮೇಲೆ ಅದರ ಮುಂದೆ ಬಾರಿಸುವವನು ಸರ್ಕಾರಿ ಉತ್ಸವದ ಕರೆಗಾಗಿ ಕಾಯುತ್ತಾ ಕೂರಬೇಕು. ಜಾನಪದಕ್ಕೆ ವೇದಿಕೆ ಕಟ್ಟುವವರು ಮೇವಿನ ಲೆಕ್ಕವನ್ನೂ ಬಜೆಟ್ಟಿಗೆ ಸೇರಿಸಲಿ.

ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಚಳ್ಳಕೆರೆಯ ಉರುಮೆಯವರನ್ನು ಕರೆದುಕೊಂಡು ಒಮ್ಮೆ ಅತ್ತ ಹೋಗಿಬರಲಿ, ಕಪ್ಪಿಲಿಯರ ಮಾತನ್ನು ಧ್ವನಿಮುದ್ರಿಸಿಕೊಳ್ಳಲಿ. ಬೆಂಗಳೂರಿನಿಂದ ಕಂಬಂಗೆ ಒಂದು ರಾತ್ರಿಯ ಬಸ್ ಪ್ರಯಾಣ, ಅಷ್ಟೇ.