ಹೆಲಿಕಾಪ್ಟರ್ ಜಿಲ್ಲೆಯಲ್ಲಿ ಆಟದ ವಿಮಾನಕ್ಕೆ ಜಾಗವಿಲ್ಲ

ನಮ್ಮ ತುಮಕೂರು ಜಿಲ್ಲೆಗೆ ಹೆಲಿಕಾಪ್ಟರ್ ಕಾರ್ಖಾನೆ ಬಂತು. ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆ. 2016ರಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿ 6ರಂದು ಪ್ರಧಾನಿಯವರಿಂದ ಉದ್ಘಾಟನೆ. ಹಾರ ತುರಾಯಿ, ಭಾಷಣ ಎಲ್ಲ ಸಾಂಗವಾಗಿ ಮುಗಿದವು. ಸಂತೋಷ. ಆದರೆ ಸ್ವಾಮಿ, ಇಲ್ಲಿನ ಹುಡುಗನೊಬ್ಬ ಮೊಳದುದ್ದದ ಆಟದ ವಿಮಾನ ಹಾರಿಸಬೇಕಂದ್ರೆ ಜಾಗ ಎಲ್ಲಿದೆ?

ಮೊನ್ನೆ ನಗರದ ಮೈದಾನವೊಂದರ ಗೇಟಿನಲ್ಲಿ ಮೂವರು ಹುಡುಗರು. ಕೈಯಲ್ಲಿ ಬಿದಿರುಕಡ್ಡಿ, ಥರ್ಮಕೋಲಿನ ವಿಮಾನ.

'ಡ್ರೋನಾ? ಪರ್ಮಿಶನ್ ಇದೆಯಾ?' ಅಂತ ವಾಚ್‌ಮನ್.

'ಇಲ್ಲಣ್ಣ, ರಬ್ಬರ್ ಬ್ಯಾಂಡು.'

'ಯಾವ ಬ್ಯಾಂಡಾದ್ರೂ ಸರಿ, ಸಾಹೇಬ್ರ ಲೆಟರ್ ತಗೊಂಬನ್ನಿ.'

ಆ ರಬ್ಬರ್ ಬ್ಯಾಂಡು ಸಾಮಾನ್ಯದ್ದಲ್ಲ. 1871ರಲ್ಲಿ ಫ್ರಾನ್ಸಿನ ಪೆನೋ ಎಂಬಾತ ಹುರಿಗೊಳಿಸಿದ ರಬ್ಬರಿನಿಂದ ಪುಟ್ಟ ವಿಮಾನವನ್ನು ಪ್ಯಾರಿಸಿನ ತೋಟದಲ್ಲಿ 11 ಸೆಕೆಂಡು ಹಾರಿಸಿದ. 1878ರಲ್ಲಿ ರೈಟ್ ಸಹೋದರರಿಗೆ ಅಪ್ಪ ತಂದುಕೊಟ್ಟ ಆಟಿಕೆಯೂ ಅವನ ಮಾದರಿಯದೇ. ಅದೇನು ಗೊತ್ತೇ? ಹೆಲಿಕಾಪ್ಟರು!

ಈ ಆಟದಲ್ಲಿ ಪಾಠ ಪುಸ್ತಕದಿಂದ ಬರೋದಿಲ್ಲ. ಮೂತಿ ಹಗುರಾದರೆ ವಿಮಾನ ಮೇಲಕ್ಕೇರಿ, ಒಂದು ಗಳಿಗೆ ನಿಂತು, ದೊಪ್ಪನೆ ಬೀಳುತ್ತೆ. ಹುಡುಗ ಮೂತಿಗೆ ಚಿಟಿಕೆ ಜೇಡಿಮಣ್ಣು ಮೆತ್ತುತ್ತಾನೆ. ಹೆಚ್ಚಾಯ್ತೋ, ನೇರ ನೆಲಕ್ಕೆ. ಒಂದಿಷ್ಟು ಕಿತ್ತು, ಮತ್ತೆ ಎಸೆದು, ರೆಕ್ಕೆ ಕೂದಲೆಳೆಯಷ್ಟು ಬಗ್ಗಿಸಿ... ಗುರುತ್ವ ಕೇಂದ್ರ ಅಂದ್ರೇನು ಅಂತ ಮೇಷ್ಟರು ಕೇಳೋ ಮೊದಲೇ ಅವನ ಬೆರಳಿಗೆ ಗೊತ್ತಿರುತ್ತೆ.

ರೇಸ್ ವಿಮಾನದ ಚಿತ್ರ ನೋಡ್ತಾ ಕೂತರೆ ಮಗ ಕೆಟ್ಟ ಅನ್ನೋ ಅಪ್ಪಂದಿರೂ ಇದ್ದಾರೆ. ಇಂಗ್ಲೆಂಡಿನ ಮಿಚೆಲ್ ಕೂಡ ಹುಡುಗನಾಗಿದ್ದಾಗ ಆಟದ ವಿಮಾನ ಕಟ್ಟಿ ಹಾರಿಸುತ್ತಿದ್ದವನೇ. ಮುಂದೆ ಅವನು ರೂಪಿಸಿದ ಎಸ್.6ಬಿ ರೇಸ್ ವಿಮಾನ 1931ರಲ್ಲಿ ಶ್ನೈಡರ್ ಟ್ರೋಫಿ ಗೆದ್ದು, ಅದೇ ತಿಂಗಳು ಗಂಟೆಗೆ 400 ಮೈಲಿ ದಾಟಿತು. ಆ ಖರ್ಚಿಗೆ ಸರ್ಕಾರ ಕೈಯೆತ್ತಿದಾಗ ಲಕ್ಷ ಪೌಂಡು ಕೊಟ್ಟಾಕೆ ಲೇಡಿ ಹೂಸ್ಟನ್ ಎಂಬ ಶ್ರೀಮಂತೆ. (ಸರ್ಕಾರಗಳು ಎಲ್ಲೆಲ್ಲೂ ಹೀಗೇ ಅಂತ ಕಾಣುತ್ತೆ.) ಐದು ವರ್ಷದೊಳಗೆ, 1936ರಲ್ಲಿ, ಅವನದೇ ಸ್ಪಿಟ್‌ಫೈರ್ ಹಾರಿತು. ಮುಂದಿನ ಯುದ್ಧದಲ್ಲಿ ಬ್ರಿಟನ್ನನ್ನು ಕಾದ ವಿಮಾನಗಳಲ್ಲಿ ಅದೂ ಒಂದು.

ಅಧಿಕಾರಿಗಳ ಭಯ ಸುಳ್ಳಲ್ಲ. ಮೋಟಾರಿನ ಯಂತ್ರ ಜನರ ತಲೆ ಮೇಲೆ ಬಿದ್ದರೆ ಕಷ್ಟ. ಆದರೆ 2021ರ ಡ್ರೋನ್ ನಿಯಮಗಳು ಬಂದಿರೋದು ರಿಮೋಟಿನಲ್ಲೋ ಕಂಪ್ಯೂಟರಿನಲ್ಲೋ ನಡೆಯುವ ಯಂತ್ರಗಳಿಗೆ. ಆ ಪೈಕಿ 250 ಗ್ರಾಂ ಒಳಗಿನವಕ್ಕೆ 'ನ್ಯಾನೋ' ಅಂತ ಬೇರೆ ವರ್ಗವೇ ಇದೆ. ರಬ್ಬರ್ ಸುತ್ತಿದ ಥರ್ಮಕೋಲನ್ನೂ ಇದೇ ಲೆಕ್ಕಕ್ಕೆ ಹಾಕಿ ಗೇಟು ಮುಚ್ಚೋದು ಯಾವ ನ್ಯಾಯ?

ರಾಜಕೀಯ ಸಭೆಗೆ, ಮದುವೆ ಆರತಕ್ಷತೆಗೆ, ಸೀರೆ ಮಾರಾಟ ಮೇಳಕ್ಕೆ ಸಿಗುವ ಮೈದಾನ ಹುಡುಗರಿಗೂ ಸಿಗಲಿ. ಭಾನುವಾರ ಬೆಳಿಗ್ಗೆ ಆರರಿಂದ ಎಂಟು, ಗಾಳಿ ಏಳೋ ಮುಂಚೆ. ಶಾಮಿಯಾನ ಬೇಡ, ಮೈಕು ಬೇಡ, ಉದ್ಘಾಟನೆಗೆ ಯಾರೂ ಬರೋದೂ ಬೇಡ.