ಹಸಿರು ದೀಪ ಮತ್ತು ದಪ್ಪ ರವೆ

ಪುಣೆಯ ಚಾಕಣ ಕಡೆ ಒಂದು ಫೋರ್ಜಿಂಗ್ ಕಾರ್ಖಾನೆಗೆ ಒಲೆಯ ತಾಪಮಾನ ನೋಡಿಕೊಳ್ಳುವ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಒಲೆ 1230 ಡಿಗ್ರಿಯಲ್ಲಿದ್ದರೆ ಹಸಿರು ದೀಪ, ಏರಿದರೆ ಕೆಂಪು. ಅಷ್ಟು ಸಾಕು ಅಂದುಕೊಂಡಿದ್ದೆ.

ಒಂದು ರಾತ್ರಿ ಡೈ ಕೆಟ್ಟು ಪ್ರೆಸ್ ಎರಡು ಗಂಟೆ ನಿಂತಿತು. ಒಲೆಯೊಳಗಿದ್ದ ಉಕ್ಕಿನ ತುಂಡುಗಳು ಅಲ್ಲೇ ಬೇಯುತ್ತಾ ಕೂತವು. ದೀಪ ಹಸಿರೇ! ಮಾರನೇ ದಿನ ಇಡೀ ಲಾಟ್ ಗೇರ್ ಬ್ಲ್ಯಾಂಕ್‌ಗಳನ್ನು ಲ್ಯಾಬ್ ತಡೆಹಿಡಿಯಿತು. ನನಗೂ ಕರೆ ಬಂತು.

ಲ್ಯಾಬ್‌ನಲ್ಲಿದ್ದವರು ಗದಗದ ಕಡೆಯ ಹಿರಿಯರು. ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, "ನೋಡ್ರಿ ಸಾಹೇಬ್ರ, ಚಿರೋಟಿ ರವಾ ಇರಬೇಕಾಗಿತ್ತು, ದಪ್ಪ ರವಾ ಆಗೇತಿ" ಅಂದರು. ಉಕ್ಕಿನ ಕಣದ ಅಳತೆಯಲ್ಲಿ ಅಂಕೆ ಹೆಚ್ಚಿದಷ್ಟೂ ಕಣ ಸಣ್ಣದು. ನೂರು ಪಟ್ಟು ಹಿಗ್ಗಿಸಿ ನೋಡಿದಾಗ ಒಂದು ಚದರ ಇಂಚಿನಲ್ಲಿ 5ನೇ ಅಂಕೆಗೆ 16 ಕಣ, 3ಕ್ಕೆ ನಾಲ್ಕೇ. ಗಿರಾಕಿ ಕೇಳಿದ್ದು 5 ಅಥವಾ ಅದಕ್ಕಿಂತ ಸಣ್ಣದು, ನಮ್ಮದು 3. ಕಣ ದಪ್ಪಗಾದರೆ ಉಕ್ಕಿನ ಬಲವೂ ತಗ್ಗುತ್ತದೆ, ಪೆಟ್ಟು ತಾಳುವ ಗುಣವೂ ತಗ್ಗುತ್ತದೆ.

ಉಕ್ಕು ತಯಾರಿಸುವಾಗಲೇ ಚೂರು ಅಲ್ಯುಮಿನಿಯಂ ಹಾಕಿರುತ್ತಾರೆ. ಅದು ನೈಟ್ರೋಜನ್ ಜೊತೆ ಸೇರಿ ಅತಿ ಸಣ್ಣ ಕಣಗಳಾಗಿ, ಉಕ್ಕಿನ ಕಣಗಳ ಗಡಿಗೆ ಗೂಟ ಹೊಡೆದ ಹಾಗೆ ನಿಲ್ಲುತ್ತದೆ. ಸುಮಾರು 1100 ಡಿಗ್ರಿ ದಾಟಿದರೆ ಆ ಗೂಟಗಳೇ ಕರಗತೊಡಗುತ್ತವೆ. ಆಮೇಲೆ ದೊಡ್ಡ ಕಣ ಸಣ್ಣದನ್ನು ನುಂಗುತ್ತಾ ಹೋಗುತ್ತದೆ, ಹೊತ್ತು ಕಳೆದಷ್ಟೂ ಹೆಚ್ಚು. ಪ್ರೆಸ್‌ನ ಒತ್ತಡಕ್ಕೆ ಹೊಸ ಸಣ್ಣ ಕಣ ಹುಟ್ಟುತ್ತವೆ ನಿಜ. ಆದರೆ ಚೆನ್ನಾಗಿ ನುರಿದ ಅಂಚಿನಲ್ಲಿ ಮಾತ್ರ. ಹೆಚ್ಚು ಒತ್ತು ಬೀಳದ ನಡುವಿನ ದಪ್ಪ ಭಾಗ ಹಾಗೇ ಉಳಿದಿತ್ತು.

"ಒಲಿ ಎಷ್ಟು ಬಿಸಿ ಅಂತ ನೋಡೀರಿ, ಎಷ್ಟೊತ್ತು ಬಿಸಿ ಅಂತ ನೋಡಿಲ್ಲಲ್ರೀ" ಅಂದರು ಹಿರಿಯರು. ತಲೆ ಎತ್ತಲಾಗಲಿಲ್ಲ. ಸ್ನಾತಕೋತ್ತರ ಪದವಿ ಇದ್ದೇನು ಬಂತು!

ಲಾಟ್ ಗುಜರಿಗೆ ಹೋಗಲಿಲ್ಲ, ಪುಣ್ಯ. ಸುಮಾರು 900 ಡಿಗ್ರಿಗೆ ಮತ್ತೆ ಕಾಯಿಸಿದರೆ ಒಳರಚನೆಯೇ ಬದಲಾಗಿ ಹೊಸ ಕಣ ಹುಟ್ಟುತ್ತವೆ. ಬೆಳೆಯಲು ಬಿಡದೆ ಹೊರತೆಗೆದು ಗಾಳಿಯಲ್ಲಿ ಆರಿಸಬೇಕು. ಹಾಗೆ ಮಾಡಿದ ಮೇಲೆ 6 ಬಂತು. ಖರ್ಚು, ತಡ ಎರಡೂ ಆಯಿತು, ಗಿರಾಕಿಯ ಬೈಗುಳವೂ.

ಈಗ ಗಡಿಯಾರ ಸೇರಿಸಿದ್ದೇನೆ. ಪ್ರೆಸ್ 20 ನಿಮಿಷ ನಿಂತರೆ ಶಿಫ್ಟ್‌ನವರಿಗೂ ನನಗೂ ಅಲಾರಂ. ಮೊನ್ನೆ ರಾತ್ರಿ ಎರಡೂವರೆಗೆ ಫೋನ್ ಬಡಿದುಕೊಂಡಿತು. ಅಲ್ಲಿ ಆಗಲೇ ಉರಿ ತಗ್ಗಿಸಿದ್ದರು. ಹೆಂಡತಿ ಮಾತ್ರ, ಇನ್ಮೇಲೆ ಫೋನೂ ನೀವೂ ಹಾಲ್‌ನಲ್ಲೇ ಮಲಗಿ ಎಂದಿದ್ದಾಳೆ.